ಲಕ್ಕಮ್ಮ ವಾಪಸು ಕಳಿಸಿದ ಅಕ್ಕಿ

ಕೇಳುಗರಿಗೆ ನಮಸ್ಕಾರ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯ ಎಂಬ ಶರಣನಿದ್ದ. ಇಂದಿನ ಲಿಂಗಸುಗೂರು ಸೀಮೆಯ ಅಮರೇಶ್ವರದವ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದೇ ಅವನ ಕಾಯಕ. ಅದಕ್ಕೇ ಆಯ್ದಕ್ಕಿ ಮಾರಯ್ಯ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. “ಈಸಕ್ಕಿಯಾಸೆ ನಿಮಗೇಕೆ?” ಎಂದಳು. ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು.

ಆ ಅಕ್ಕಿ ಕದ್ದದ್ದಲ್ಲ, ನೋಡಿ. ದಾಸೋಹಕ್ಕೆಂದೇ ತಂದದ್ದು. ಆದರೂ ಹೊಸ್ತಿಲು ದಾಟಲಿಲ್ಲ.

ನಮ್ಮ 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯದೇ. ಆದರೆ ಈ ಕಲಮು ಲಾಭ ಕೈಗೆ ಬಂದ ಮೇಲಿನ ಮಾತು. ಲಕ್ಕಮ್ಮ ಕೇಳಿದ್ದು ಅದಕ್ಕೂ ಮೊದಲಿನದು.

ಆಕೆಯ ಸೀಮೆಯ ನೆರೆಯಲ್ಲೇ ಈಗ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಎಲ್ಲಿ ನೋಡಿದರೂ ಅಕ್ಕಿ ಗಿರಣಿ. ಅಂಥದೊಂದರಲ್ಲಿ ನಾನು ಕೆಲಕಾಲ ಲೆಕ್ಕ ಬರೆಯುತ್ತಿದ್ದೆ. ನೂರು ಕಿಲೋ ಭತ್ತಕ್ಕೆ, ಅಲ್ಲಿಯವರ ಮಾತಿನಲ್ಲಿ ನೆಲ್ಲಿಗೆ, ಸುಮಾರು 20 ಕಿಲೋ ಹೊಟ್ಟು. ಅದೇ ಹೊಟ್ಟು ಬಾಯ್ಲರಿಗೆ ಉರುವಲು. ಉರಿದು ಉಳಿದ ಕರಿಬೂದಿ ಗಾಳಿ ಬಂದಾಗ ಹಿಂದಿನ ಓಣಿಯವರು ಒಣಹಾಕಿದ ಹಪ್ಪಳದ ಮೇಲೆ ಕೂರುತ್ತಿತ್ತು. ಅವರು ಜಗಳಕ್ಕೆ ಬಂದರೆ ಒಂದು ಬುಟ್ಟಿ ಅಕ್ಕಿ ಕೊಟ್ಟು ಕಳಿಸುತ್ತಿದ್ದರು.

ಮಾಲೀಕರು ದೈವಭಕ್ತರು. ಶ್ರಾವಣದಲ್ಲಿ ಊರಿಗೇ ಊಟ ಹಾಕುತ್ತಿದ್ದರು, ಸೊಂಟಕ್ಕೆ ಪಂಚೆ ಬಿಗಿದು ತಾವೇ ಬಡಿಸುತ್ತಿದ್ದರು. ತಕ್ಕಡಿಯ ಹತ್ತಿರ ಮಾತ್ರ “ತೇವ ಜಾಸ್ತಿ ಐತಿ” ಎಂದು ಚೀಲಕ್ಕೆ ಇಷ್ಟು ಕಿಲೋ ಅಂತ ಮುರಿದುಕೊಳ್ಳುತ್ತಿದ್ದರು. ಯಂತ್ರವೇನು ತೋರಿಸಿತೋ, ರೈತನಿಗೆ ಕಾಣುತ್ತಿರಲಿಲ್ಲ. ಊಟದ ಖರ್ಚನ್ನು ನಾನು ಧರ್ಮದ ಖಾತೆಗೆ ಬರೆಯುತ್ತಿದ್ದೆ. ಮುರಿದ ತೂಕಕ್ಕೆ ಯಾವ ಖಾತೆಯೂ ಇರಲಿಲ್ಲ. ನಾನೂ ಕೇಳಲಿಲ್ಲ, ಸಂಬಳ ಅದೇ ಗಲ್ಲಾಪೆಟ್ಟಿಗೆಯಿಂದ ಬರುತ್ತಿತ್ತಲ್ಲ.

ಮುಂದೆ ವ್ಯವಹಾರ ಮಗನ ಕೈಗೆ ಬಂತು. ಪೂಜೆ ಪುನಸ್ಕಾರದಲ್ಲಿ ಅಪ್ಪನಷ್ಟು ಮುಂದಿಲ್ಲದ ಹುಡುಗ. ತೇವ ಅಳೆಯುವ ಯಂತ್ರದ ಮುಖವನ್ನು ರೈತರ ಕಡೆ ತಿರುಗಿಸಿ ಇಟ್ಟ. ಬೂದಿಗೆ ನೀರು ಹಾಯಿಸಿ, ತಾಡಪಾಲು ಹೊದಿಸಿ ಇಟ್ಟಿಗೆ ಭಟ್ಟಿಯವರಿಗೆ ಸಾಗಿಸತೊಡಗಿದ. ಖರ್ಚು ಏರಿತು, ಉಳಿತಾಯ ಇಳಿಯಿತು.

ಆ ಶ್ರಾವಣದ ಊಟದಲ್ಲಿ ಹೋಳಿಗೆ ಇರಲಿಲ್ಲ. ಅಪ್ಪನ ಕೈ ಮಗನಿಗೆ ಬರಲಿಲ್ಲ ಎಂದು ಊರವರು ಎಲೆಯ ಮುಂದೆ ಕೂತೇ ಗೊಣಗಿದರು.

ನಮಸ್ಕಾರ.