ಹೆಪ್ಪು ಕೇಳಲು ಬಂದವರು ಉಳಿಸಿದ ದುಡ್ಡು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ. ನಾನು ಪೊಲೀಸನೂ ಅಲ್ಲ, ಕಂಪ್ಯೂಟರ್ ಪಂಡಿತನೂ ಅಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂತು ರಿಟೈರ್ ಆದವನು. ಸಂಘದವರು ಫೋನ್ ಮೋಸದ ಬಗ್ಗೆ ಮಾತಾಡಿ ಅಂದಾಗ ಒಪ್ಪಿಕೊಂಡೆ, ಯಾಕೆಂದರೆ ಅದು ನಮ್ಮ ಮನೆ ಬಾಗಿಲಿಗೇ ಬಂದಿತ್ತು.

ನಮ್ಮ ಅತ್ತಿಗೆ ಒಬ್ಬರೇ ಇರುತ್ತಾರೆ, ಮಗ ಹೊರದೇಶದಲ್ಲಿ. ಒಂದು ಬೆಳಗ್ಗೆ ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲ್ ಮುಂಬೈಯಲ್ಲಿ ಸಿಕ್ಕಿದೆ, ಒಳಗೆ ಡ್ರಗ್ಸ್ ಇದೆ, ನಿಮ್ಮ ಆಧಾರ್ ನಂಬರ್ ಇದೇ ಅಲ್ವಾ? ನಂಬರ್ ಸರಿಯಾಗೇ ಇತ್ತು. ಆಮೇಲೆ ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್. ಖಾಕಿ ಹಾಕಿದ ಮನುಷ್ಯ, ಬೆನ್ನ ಹಿಂದೆ ಇಲಾಖೆಯ ಬೋರ್ಡು, ಪಕ್ಕದಲ್ಲಿ ವಾಕಿಟಾಕಿ ಸದ್ದು. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ. ಅತ್ತಿಗೆ ಮೂರೂವರೆ ಗಂಟೆ ತಿಂಡಿ ತಿನ್ನದೆ, ಬಿಪಿ ಮಾತ್ರೆ ನುಂಗದೆ ಕೂತಿದ್ದರು. ಎಫ್‌ಡಿ ಮುರಿಸಿ ದುಡ್ಡು ಕಳಿಸಿ, ಪರಿಶೀಲನೆ ಮಾಡಿ ವಾಪಸ್ ಹಾಕುತ್ತೇವೆ ಅನ್ನುವ ಹೊತ್ತಿಗೆ ಪಕ್ಕದ ಮನೆಯಾಕೆ ಹೆಪ್ಪು ಕೇಳೋದಕ್ಕೆ ಬೆಲ್ ಮಾಡಿದರು, ನಿಲ್ಲಿಸದೆ ಮಾಡಿದರು. ಬಾಗಿಲು ತೆಗೆದ ಅತ್ತಿಗೆಯ ಮುಖ ನೋಡಿಯೇ ಆಕೆಗೆ ಏನೋ ಅನಿಸಿತು. ಸೀದಾ ಒಳಗೆ ಹೋಗಿ, ಕಿರುಚುತ್ತಿದ್ದ ಫೋನ್ ಕಟ್ ಮಾಡಿದರು. ದುಡ್ಡು ಉಳಿಯಿತು.

ಅತ್ತಿಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ದಡ್ಡರು ಮಾತ್ರ ಮೋಸ ಹೋಗುತ್ತಾರೆ ಅಂತ ಯಾರಾದರೂ ಹೇಳಿದರೆ ನನಗೆ ರೇಗುತ್ತದೆ. ಒಟಿಪಿ ಹೇಳಬೇಡಿ ಅನ್ನೋದು ಈಗ ಎಲ್ಲರಿಗೂ ಬಾಯಿಪಾಠ, ಅದು ಕಳ್ಳರಿಗೂ ಗೊತ್ತು, ಅದಕ್ಕೇ ಈ ಆಟದಲ್ಲಿ ಒಟಿಪಿ ಕೇಳುವುದೇ ಇಲ್ಲ, ನಿಮ್ಮನ್ನೇ ಬ್ಯಾಂಕಿಗೆ ನಡೆಸಿ ನಿಮ್ಮ ಕೈಯಿಂದಲೇ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ ಫಾರ್ಮ್ ಬರೆಸುತ್ತಾರೆ. ಕೌಂಟರಿನ ಹುಡುಗಿ 'ಯಾಕೆ ಸಾರ್ ಎಫ್‌ಡಿ ಮುರಿಸ್ತಿದೀರಾ' ಅಂತ ಕೇಳಿದರೆ ದಯವಿಟ್ಟು ಸಿಟ್ಟಾಗಬೇಡಿ.

ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅರೆಸ್ಟ್ ಹೇಗೆ ಮಾಡಬೇಕು ಅಂತ ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ, ಅದಕ್ಕೂ ಮುಂಚೆ ಇದ್ದ ಹಳೇ ಸಿಆರ್‌ಪಿಸಿ ಕಾನೂನಿನಲ್ಲೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಇಂಥದ್ದೊಂದು ಕರೆಯನ್ನು ದೇಶಕ್ಕೇ ಕೇಳಿಸಿದರಲ್ಲ, ಅದು ಬಂದದ್ದು ನಮ್ಮ ವಿಜಯಪುರದವರೊಬ್ಬರಿಗೆ. ಅವರು ಹೆದರದೆ ರೆಕಾರ್ಡ್ ಮಾಡಿಕೊಂಡರು. ಎಲ್ಲರಿಗೂ ಆ ಧೈರ್ಯ ಇರೋದಿಲ್ಲ. 2025ರ ಮಾರ್ಚಿನಲ್ಲಿ ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದೇ ಕಾಟಕ್ಕೆ ಪ್ರಾಣ ಕಳೆದುಕೊಂಡರು. ಒಂದು ಮಾತು ಹೊರಗೆ ಬಂದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ನೋಡಿ, ಕಳ್ಳನ ಬಂಡವಾಳ 'ಯಾರಿಗೂ ಹೇಳಬೇಡಿ' ಅನ್ನೋ ಒಂದೇ ಮಾತು. ಮಿಕ್ಕ ಖಾಕಿ, ಬೋರ್ಡು, ವಾರಂಟು ಎಲ್ಲ ನಾಟಕದ ಸಾಮಾನು. ಆದರೆ ಆ ಖಾಕಿಗೆ ನಾವು ಹೆದರಿದ್ದು ಯಾಕೆ? ನಮ್ಮ ಠಾಣೆಯ ನಿಜವಾದ ಪೊಲೀಸರ ಮುಖವೇ ನಮಗೆ ಗೊತ್ತಿಲ್ಲ. ಠಾಣೆ ಮೆಟ್ಟಿಲು ಹತ್ತಿದರೆ ಮಾನ ಹೋಯಿತು ಅಂತ ಬೆಳೆದವರು ನಾವು. 2017ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು, ಪ್ರತಿ ಏರಿಯಾಗೂ ಒಬ್ಬ ಬೀಟ್ ಪೊಲೀಸ್ ಅಂತ. 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು, ಅವರೇ ಮನೆಗೆ ಬಂದು ಮಾತಾಡಿಸಿ ಹೋಗಬೇಕು ಅಂತ. ಬಂದಾಗ ನಾವೇನು ಮಾಡಿದೆವು? ಗೇಟಿನಲ್ಲೇ ನಿಲ್ಲಿಸಿ 'ಏನೂ ತೊಂದರೆ ಇಲ್ಲ ಸಾರ್' ಅಂದು ಕಳಿಸಿದೆವು. ನಾನೂ ಹಾಗೇ ಮಾಡಿದ್ದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಅವರಿಗೂ ಕೆಲಸ ಜಾಸ್ತಿ, ಬಂದೋಬಸ್ತು ಅಂತ ಹೋದರೆ ನಾಲ್ಕು ದಿನ ಈ ಕಡೆ ಕಾಣೋದಿಲ್ಲ, ಅದೂ ನಿಜ. ಆದರೂ ಅವರ ನಂಬರ್ ಇದ್ದರೆ ಕೇಳಬಹುದಲ್ಲ, ಇಂಥ ಫೋನ್ ಬಂದಿದೆ, ಹೌದಾ ಅಂತ.

ದುಡ್ಡು ಹೋಗಿಯೇ ಬಿಟ್ಟಿದ್ದರೆ? ಮಗನಿಗೆ ಹೇಳೋಣ, ಅಳಿಯನ್ನ ಕೇಳೋಣ ಅಂತ ಕಾಯಬೇಡಿ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯಾವ ಖಾತೆಯಿಂದ, ಎಷ್ಟು, ಎಷ್ಟು ಹೊತ್ತಿಗೆ ಹೋಯಿತು, ಮೆಸೇಜಿನಲ್ಲಿ ಬಂದ ಟ್ರಾನ್ಸಾಕ್ಷನ್ ನಂಬರ್ ಏನು, ಇಷ್ಟು ಕೈಯಲ್ಲಿರಲಿ. ಕಳ್ಳರು ಆ ದುಡ್ಡನ್ನು ನಿಮಿಷಗಳಲ್ಲಿ ಹತ್ತಾರು ಖಾತೆಗೆ ಹಂಚಿಬಿಡುತ್ತಾರೆ. ಎಲ್ಲಾದರೂ ಒಂದು ಖಾತೆಯಲ್ಲಿ ಅದು ಇನ್ನೂ ಕೂತಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಆ ಖಾತೆಗಳು ಯಾರವು ಗೊತ್ತಾ? ಎಷ್ಟೋ ಸಲ ಕಾಲೇಜು ಹುಡುಗರವು, ನಾಲ್ಕೈದು ಸಾವಿರದ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಟ್ಟವರು. ನಿಮ್ಮ ಮೊಮ್ಮಕ್ಕಳಿಗೂ ಈ ವಿಷಯ ಹೇಳಿ, ಆಮೇಲೆ ಕೇಸು ಆಗೋದು ಅವರ ಮೇಲೇ. ದುಡ್ಡು ಹೋಗದಿದ್ದರೂ ಕರೆ ಬಂದಿದ್ದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ, ಇಂಥ ಕರೆಗಳ ದೂರಿಗೆಂದೇ ಇರುವ 'ಚಕ್ಷು'ವಿನಲ್ಲಿ ಹಾಕಬಹುದು.

ಸರಿ, ಕಾಫಿ ಬಂತು ಅನಿಸುತ್ತದೆ. ಬಾಗಿಲ ಹತ್ತಿರ ನಿಂತಿದ್ದಾರಲ್ಲ, ಅವರೇ ನಮ್ಮ ಬೀಟ್‌ನವರು. ಸಾರ್, ಸ್ವಲ್ಪ ಮುಂದೆ ಬನ್ನಿ, ಎಲ್ಲರೂ ನಿಮ್ಮ ಮುಖ ನೋಡಲಿ. ನೀವೆಲ್ಲ ಫೋನ್ ತೆಗೆಯಿರಿ. ಅವರು ನಂಬರ್ ಹೇಳುತ್ತಾರೆ, ನಿಧಾನವಾಗಿ ಹೇಳಿ ಸಾರ್, ಕನ್ನಡಕ ಹುಡುಕುತ್ತಿದ್ದಾರೆ.