ಬಾಂಬು ಮಾರುವಾಗ ಸಂಸತ್ತನ್ನು ಕೇಳ್ತಾರಾ? ಬ್ರಿಟನ್‌ನಲ್ಲಿ ನಡೆದದ್ದು

[ಪರದೆಯಲ್ಲಿ: 200 ಪೌಂಡ್]

ನಮಸ್ಕಾರ. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನ ವ್ಯಾಪಾರ ಸಚಿವೆ ಲಿಜ್ ಟ್ರಸ್ ಕೋರ್ಟಿನ ಕ್ಷಮೆ ಕೇಳಿದರು. ಕಾರಣ, ಸೇನಾ ವಾಹನಕ್ಕೆ ಹಾಕುವ ಏರ್ ಕೂಲರ್. ಅದನ್ನು ರಫ್ತು ಮಾಡೋಕೆ ಸರ್ಕಾರ ಕೊಟ್ಟ ಲೈಸೆನ್ಸಿನ ಮೌಲ್ಯ 200 ಪೌಂಡ್. ಹೌದು, ಬರೀ ಇನ್ನೂರು. ಇನ್ನೊಂದು ಲೈಸೆನ್ಸು ಸೌದಿ ಸೇನೆಯ ರೇಡಿಯೋ ಬಿಡಿಭಾಗಗಳದ್ದು. ಅದು ಸುಮಾರು 4.35 ಲಕ್ಷ ಪೌಂಡಿನದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಲು ಆಗಲೇ ಹಡಗು ಹತ್ತಿಯಾಗಿತ್ತು.

ಕೂಲರ್ ಮಾರಿದ್ದಕ್ಕೆ ಕ್ಷಮೆ ಯಾಕೆ? ಅದೇ ವರ್ಷ ಜೂನ್ 20ರಂದು ಬ್ರಿಟನ್‌ನ ಮೇಲ್ಮನವಿ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತ್ತು. ಯೆಮನ್‌ನಲ್ಲಿ ಸೌದಿ ಒಕ್ಕೂಟ ಹಾಕಿದ ಬಾಂಬುಗಳು ಯುದ್ಧದ ಕಾನೂನನ್ನು ಮುರಿದಿದ್ದವೋ ಇಲ್ಲವೋ ಅಂತ ಸರ್ಕಾರ ಹಿಂದಿನ ದಾಳಿಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಹಾಗೆ ಲೈಸೆನ್ಸ್ ಕೊಟ್ಟಿದ್ದು ತಪ್ಪು ಎಂದಿತು. ಯೆಮನ್ ಯುದ್ಧದಲ್ಲಿ ಬಳಕೆಯಾಗಬಹುದಾದ ಸರಕಿಗೆ ಹೊಸ ಲೈಸೆನ್ಸ್ ಕೊಡುವುದಿಲ್ಲ ಅಂತ ಸರ್ಕಾರ ಮಾತು ಕೊಟ್ಟಿತು. ಆದರೆ ಇಲಾಖೆಯೊಳಗೆ ಫೈಲುಗಳು ಎಂದಿನಂತೆ ಓಡಿದವು.

ಈಗ ಇಲ್ಲಿ ಗಮನಿಸಿ. ಕೇಸು ಹಾಕಿದ್ದು ಶಸ್ತ್ರ ವ್ಯಾಪಾರ ವಿರೋಧಿಸುವ ಒಂದು ಸಂಘಟನೆ. ತೀರ್ಪು ಕೊಟ್ಟಿದ್ದು ಕೋರ್ಟು. ಸರ್ಕಾರವನ್ನು ಪ್ರಶ್ನೆ ಮಾಡೋಕೆ ಅಂತಲೇ ಸಂಸತ್ತಿನಲ್ಲಿ ಒಂದು ಸಮಿತಿ ಇತ್ತು. ಅದರ ಅಧ್ಯಕ್ಷರಿಗೆ ಬಂದಿದ್ದು ಸಚಿವರ ಪತ್ರ, ಅದೂ ಎಲ್ಲ ಆದ ಮೇಲೆ.

[ದೃಶ್ಯ: ವೆಸ್ಟ್‌ಮಿನ್‌ಸ್ಟರ್ ಕಟ್ಟಡ. ಪರದೆಯಲ್ಲಿ: 320–319]

ಈ ಸಮಿತಿ ಹುಟ್ಟಿದ್ದೇ ಒಂದು ಹಗರಣದಿಂದ. ಕಾವೆಂಟ್ರಿಯಲ್ಲಿ ಮ್ಯಾಟ್ರಿಕ್ಸ್ ಚರ್ಚಿಲ್ ಅನ್ನೋ ಯಂತ್ರೋಪಕರಣ ಕಂಪನಿ ಇತ್ತು. ಅದು ಸದ್ದಾಂ ಹುಸೇನ್‌ನ ಇರಾಕಿಗೆ ಯಂತ್ರ ಮಾರಿತು. ಆ ಯಂತ್ರಗಳಲ್ಲಿ ಮದ್ದುಗುಂಡಿನ ಭಾಗಗಳನ್ನೂ ಮಾಡಬಹುದಿತ್ತು. ಕಂಪನಿಯ ಮೂವರು ಅಧಿಕಾರಿಗಳ ಮೇಲೆ ಕೇಸು ಬಿತ್ತು. 1992ರ ನವೆಂಬರ್‌ನಲ್ಲಿ ಮಾಜಿ ಸಚಿವ ಅಲನ್ ಕ್ಲಾರ್ಕ್ ಸಾಕ್ಷಿಕಟ್ಟೆಯಲ್ಲಿ ಕೊಟ್ಟ ಉತ್ತರಗಳಿಂದ ಆ ಕೇಸೇ ಕುಸಿದು ಬಿತ್ತು. ಇರಾಕಿಗೆ ಏನು ಹೋಗುತ್ತಿದೆ ಅನ್ನೋದು ಸರ್ಕಾರಕ್ಕೆ ಗೊತ್ತಿತ್ತು ಅನ್ನೋದು ಬಯಲಾಯಿತು.

ನ್ಯಾಯಮೂರ್ತಿ ರಿಚರ್ಡ್ ಸ್ಕಾಟ್ ತನಿಖೆ ಮಾಡಿದರು. ಅವರು ಕಂಡುಕೊಂಡಿದ್ದು ಇದು: ಇರಾನ್–ಇರಾಕ್ ಯುದ್ಧ ನಿಂತ ಮೇಲೆ, 1988ರ ಕೊನೆಗೆ, ಸಚಿವರು ರಫ್ತಿನ ನಿಯಮವನ್ನು ಸದ್ದಿಲ್ಲದೆ ಸಡಿಲ ಮಾಡಿದ್ದರು. ಸಂಸತ್ತಿಗೆ ಮಾತ್ರ ನಿಯಮ ಬದಲಾಗಿಲ್ಲ ಅಂತಲೇ ಹೇಳುತ್ತಾ ಬಂದಿದ್ದರು.

1996ರ ಫೆಬ್ರವರಿಯಲ್ಲಿ ವರದಿ ಬಂತು. ಸುಮಾರು 1,800 ಪುಟ. ವಿರೋಧ ಪಕ್ಷದ ರಾಬಿನ್ ಕುಕ್ ಅವರಿಗೆ ಅದನ್ನು ಓದಿ ಸದನದಲ್ಲಿ ಮಾತಾಡೋಕೆ ಸಿಕ್ಕಿದ್ದು ಎರಡೇ ಗಂಟೆ! ಅಷ್ಟರಲ್ಲೇ ಅವರು ಸರ್ಕಾರದ ಬೆವರಿಳಿಸಿದರು. ಫೆಬ್ರವರಿ 26ರ ಮತದಾನದಲ್ಲಿ ಜಾನ್ ಮೇಜರ್ ಸರ್ಕಾರ ಉಳಿದಿದ್ದು ಒಂದೇ ಒಂದು ಮತದಿಂದ.

ಇನ್ನೊಂದು ವಿಷಯ. ಆಗ ಬ್ರಿಟನ್ ಶಸ್ತ್ರ ರಫ್ತನ್ನು ನಿಯಂತ್ರಿಸುತ್ತಿದ್ದದ್ದು 1939ರ ಕಾನೂನಿನಲ್ಲಿ. ಹಿಟ್ಲರ್ ಕಾಲದ ತುರ್ತು ಕಾನೂನು! ಅದರ ಜಾಗಕ್ಕೆ ಹೊಸ ರಫ್ತು ನಿಯಂತ್ರಣ ಕಾಯ್ದೆ ಬಂದಿದ್ದು 2002ರಲ್ಲಿ.

ಕುಕ್ 1997ರಲ್ಲಿ ವಿದೇಶಾಂಗ ಸಚಿವರಾದರು. ಯಾವ ದೇಶಕ್ಕೆ ಯಾವ ಲೈಸೆನ್ಸ್ ಕೊಟ್ಟೆವು ಅಂತ ವಾರ್ಷಿಕ ವರದಿ ಹೊರಡಿಸೋ ಪದ್ಧತಿ ಶುರುವಾಯಿತು. ಅದನ್ನು ಓದಿ ಪ್ರಶ್ನೆ ಕೇಳೋಕೆ 1999ರಲ್ಲಿ ರಕ್ಷಣೆ, ವಿದೇಶಾಂಗ, ವ್ಯಾಪಾರ, ಅಂತರರಾಷ್ಟ್ರೀಯ ಅಭಿವೃದ್ಧಿ, ಈ ನಾಲ್ಕೂ ಸಮಿತಿಗಳು ಒಟ್ಟಿಗೆ ಕೂತವು. ಆ ಜಂಟಿ ಸಮಿತಿಯ ಇಂಗ್ಲಿಷ್ ಹೆಸರು ಮುಂದೆ 'ಕಮಿಟೀಸ್ ಆನ್ ಆರ್ಮ್ಸ್ ಎಕ್ಸ್‌ಪೋರ್ಟ್ ಕಂಟ್ರೋಲ್ಸ್', ಚಿಕ್ಕದಾಗಿ ಸಿಎಇಸಿ ಅಂತಾಯಿತು.

ಸಮಿತಿ ಶುರುವಿನಲ್ಲೇ ಒಂದು ಬೇಡಿಕೆ ಇಟ್ಟಿತು: ದೊಡ್ಡ ಲೈಸೆನ್ಸುಗಳನ್ನು ಕೊಡುವ ಮೊದಲೇ ನಮಗೆ ತೋರಿಸಿ. ಸರ್ಕಾರ ಒಪ್ಪಲಿಲ್ಲ. ಹಾಗಾಗಿ ಇವತ್ತಿಗೂ ಬ್ರಿಟನ್‌ನ ಸಂಸದರು ನೋಡೋದು ಕೊಟ್ಟಾಗಿರೋ ಲೈಸೆನ್ಸಿನ ಪಟ್ಟಿಯನ್ನು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮೊದಲೇ ಕೇಳೋ ದೇಶಗಳೂ ಇವೆ. ಸ್ವೀಡನ್‌ನಲ್ಲಿ ಪಕ್ಷಗಳ ಪ್ರತಿನಿಧಿಗಳಿರುವ ಮಂಡಳಿಯ ಜೊತೆ ಸಮಾಲೋಚನೆ ನಡೆಯುತ್ತದೆ. ಅಮೆರಿಕದಲ್ಲಿ ದೊಡ್ಡ ಮಾರಾಟಗಳನ್ನು ಕಾಂಗ್ರೆಸ್‌ಗೆ ಮೊದಲೇ ತಿಳಿಸಬೇಕು. ಅಲ್ಲೂ ಎಲ್ಲ ಸರಿ ಇದೆ ಅಂದ್ಕೋಬೇಡಿ. 2019ರಲ್ಲಿ ಸೌದಿ ಮತ್ತು ಯುಎಇ ಮಾರಾಟವನ್ನು ಕಾಂಗ್ರೆಸ್ಸಿನ ಎರಡೂ ಸದನ ಬೇಡ ಅಂದವು, ಟ್ರಂಪ್ ವೀಟೋ ಹಾಕಿದರು, ಅಲ್ಲಿಗೆ ಮುಗೀತು.

[ಪರದೆಯಲ್ಲಿ: ಲೈಸೆನ್ಸ್ ಪಟ್ಟಿ. ಮೌಲ್ಯದ ಕಾಲಂ ಖಾಲಿ]

ಸರಿ, ಕೊನೆಗೆ ಪಟ್ಟಿಯಾದರೂ ಪೂರ್ತಿ ಇದೆಯಾ? ಇಲ್ಲಿದೆ ನೋಡಿ ಅಸಲಿ ಕಿತಾಪತಿ. ಲೈಸೆನ್ಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸರಕೆಷ್ಟು, ಬೆಲೆಯೆಷ್ಟು, ಯಾರಿಗೆ ಎಲ್ಲವೂ ಬರೆದಿರುತ್ತದೆ. ಇನ್ನೊಂದು 'ಓಪನ್' ಲೈಸೆನ್ಸ್. ಒಮ್ಮೆ ಸಿಕ್ಕರೆ ಅವಧಿ ಮುಗಿಯೋವರೆಗೆ ಎಷ್ಟು ಬೇಕಾದರೂ ಕಳಿಸಬಹುದು. ಪ್ರಕಟವಾಗೋ ಪಟ್ಟಿಯಲ್ಲಿ ಅದರ ಮೌಲ್ಯ ಇರುವುದಿಲ್ಲ. ಸೌದಿಗೆ ಬ್ರಿಟನ್ ಮಾರಿದ ಬಾಂಬು, ಕ್ಷಿಪಣಿಗಳ ದೊಡ್ಡ ಪಾಲು ಹೋಗಿದ್ದು ಈ ದಾರಿಯಲ್ಲೇ. ಅಂದರೆ ಇನ್ನೂರು ಪೌಂಡಿನ ಕೂಲರ್ ಪೈಸಾ ಪೈಸಾ ಲೆಕ್ಕಕ್ಕೆ ಸಿಗುತ್ತದೆ, ಬಾಂಬಿಗೆ ಲೆಕ್ಕವಿಲ್ಲ.

ಸಮಿತಿಯೊಳಗಿನ ಜಗಳವೂ ಕಡಿಮೆ ಇರಲಿಲ್ಲ. 2016ರಲ್ಲಿ ಯೆಮನ್ ವಿಚಾರಣೆ ಮುಗಿದಾಗ ನಾಲ್ಕು ಸಮಿತಿಗಳೂ ಒಮ್ಮತಕ್ಕೆ ಬರಲೇ ಇಲ್ಲ. ವ್ಯಾಪಾರ ಮತ್ತು ಅಭಿವೃದ್ಧಿ ಸಮಿತಿಗಳು ಸೌದಿಗೆ ಮಾರಾಟ ನಿಲ್ಲಿಸಿ ಅಂದವು. ವಿದೇಶಾಂಗ ಸಮಿತಿ, ಅದನ್ನು ಕೋರ್ಟು ನೋಡಿಕೊಳ್ಳಲಿ ಅಂತ ಬೇರೆಯೇ ವರದಿ ಬರೆಯಿತು. ಸರ್ಕಾರಕ್ಕೆ ಇನ್ನೇನು ಬೇಕು? 2024ರ ಆರಂಭದಲ್ಲಿ ಈ ಜಂಟಿ ಸಮಿತಿಯೇ ಮುಚ್ಚಿತು. ಕೆಲಸ ವ್ಯಾಪಾರ ಸಮಿತಿಯ ಪಾಲಿಗೆ ಬಂತು. ರಫ್ತು ಹೆಚ್ಚಿಸಿ ಅನ್ನೋ ಇಲಾಖೆಯೇ ರಫ್ತು ಲೈಸೆನ್ಸನ್ನೂ ಕೊಡುತ್ತದೆ. ಅದನ್ನು ಒಂದೇ ಸಮಿತಿ ಕಾಯಬೇಕು. ನನಗಂತೂ ಇದು ಹಿನ್ನಡೆ ಅಂತಲೇ ಅನಿಸುತ್ತದೆ.

[ಪರದೆಯಲ್ಲಿ: ಎಫ್-35]

2024ರ ಸೆಪ್ಟೆಂಬರ್ 2ರಂದು ವಿದೇಶಾಂಗ ಸಚಿವ ಡೇವಿಡ್ ಲ್ಯಾಮಿ, ಇಸ್ರೇಲಿನ ಸುಮಾರು 350 ಲೈಸೆನ್ಸುಗಳಲ್ಲಿ 30ರಷ್ಟನ್ನು ತಡೆಹಿಡಿದರು. ಆದರೆ ಎಫ್-35 ಯುದ್ಧವಿಮಾನದ ಭಾಗಗಳಿಗೆ ವಿನಾಯಿತಿ. ಅವು ಹಲವು ದೇಶಗಳು ಹಂಚಿಕೊಳ್ಳುವ ಪೂರೈಕೆ ಜಾಲಕ್ಕೆ ಹೋಗುತ್ತವೆ, ತಡೆದರೆ ಇಡೀ ಯೋಜನೆಗೇ ಏಟು ಅನ್ನೋದು ವಾದ. ಪ್ಯಾಲೆಸ್ಟೀನ್‌ನ ಅಲ್-ಹಕ್ ಸಂಸ್ಥೆ ಕೋರ್ಟಿಗೆ ಹೋಯಿತು. 2025ರ ಜೂನ್ 30ರಂದು ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. ಇದು ಸಂಸತ್ತಿಗೆ ಮತ್ತು ಮತದಾರರಿಗೆ ಉತ್ತರ ಕೊಡಬೇಕಾದ ಸರ್ಕಾರದ ತೀರ್ಮಾನ, ಕೋರ್ಟಿನದಲ್ಲ ಎಂದಿತು.

2016ರಲ್ಲಿ ಸಂಸದರು ಕೋರ್ಟಿನ ಕಡೆ ಕೈ ತೋರಿಸಿದ್ದರು. 2025ರಲ್ಲಿ ಕೋರ್ಟು ಸಂಸತ್ತಿನ ಕಡೆ ಕೈ ತೋರಿಸಿತು. ಆ ಸಂಸತ್ತಿನ ಕೈಯಲ್ಲಿ ಮುಂಚೆಯೇ ತಡೆಯೋ ಅಧಿಕಾರ ಇಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? 2004ರಲ್ಲಿ ಭಾರತ ಬ್ರಿಟನ್ನಿನಿಂದ 66 ಹಾಕ್ ತರಬೇತಿ ವಿಮಾನ ಕೊಂಡಾಗ, ಅದರಲ್ಲಿ 42 ತಯಾರಾಗಬೇಕಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಆಗ ನಾವು ಬರೀ ಗಿರಾಕಿ. ಈಗ ನಾವೂ ಮಾರುವವರು: 2024–25ರಲ್ಲಿ ಭಾರತದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ. ಇಸ್ರೇಲಿಗೆ ಶಸ್ತ್ರ ಕಳಿಸೋ ಲೈಸೆನ್ಸ್ ರದ್ದು ಮಾಡಿ ಅನ್ನೋ ಅರ್ಜಿ 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಬಂತು. ವಿದೇಶಾಂಗ ನೀತಿ ನಮ್ಮ ವ್ಯಾಪ್ತಿಯಲ್ಲ ಅಂತ ಕೋರ್ಟು ವಜಾ ಮಾಡಿತು. ನಮ್ಮಲ್ಲಿ ಈ ಲೈಸೆನ್ಸ್ ಯಾರು ಕೊಡ್ತಾರೆ, ಸ್ಕೋಮೆಟ್ ಪಟ್ಟಿ ಅಂದರೇನು, ನಮ್ಮ ಸಂಸದರು ಏನು ಕೇಳಬಹುದು ಅನ್ನೋದು ಮುಂದಿನ ವಿಡಿಯೋದಲ್ಲಿ. ಪ್ರಶ್ನೆ ಇದ್ದರೆ ಕಾಮೆಂಟಲ್ಲಿ ಹಾಕಿ.