ವಿಂಚೆಸ್ಟರ್ ನೆಲಮಾಳಿಗೆಯ ನೀರು

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚಿಗೆ ಹೋದವರು ಅದರ ನೆಲಮಾಳಿಗೆಯನ್ನು ನೋಡದೆ ಬರಬಾರದು. ಅಲ್ಲಿ ಇದಕ್ಕೆ ಕ್ರಿಪ್ಟ್ ಎನ್ನುತ್ತಾರೆ. 1079ರಲ್ಲಿ ಆರಂಭವಾದ ಕಟ್ಟಡದ ಅತ್ಯಂತ ಹಳೆಯ ಭಾಗಗಳಲ್ಲಿ ಇದೂ ಒಂದು. ಗಿಡ್ಡ, ದಪ್ಪ ಕಂಬಗಳು, ತಗ್ಗಾದ ಕಮಾನುಗಳು; ಮೇಲಿನ ಭಾರವನ್ನೆಲ್ಲ ಹೊತ್ತಿರುವುದು ಇವೇ.

ಬೇಸಿಗೆಯಲ್ಲಿ ನೆಲ ಒಣಗಿದ್ದರೆ ಮಾರ್ಗದರ್ಶಕರ ಜೊತೆ ಒಳಗೆ ಓಡಾಡಬಹುದು. ಮಳೆ ಹೆಚ್ಚಾದ ಚಳಿಗಾಲದಲ್ಲಿ ಅಂತರ್ಜಲ ಮೇಲೇರಿ ನೆಲವೆಲ್ಲ ಮುಳುಗುತ್ತದೆ. ಆಗ ಬಾಗಿಲ ಬಳಿಯ ಕಟ್ಟೆಯಿಂದಷ್ಟೇ ನೋಟ. ಹೊರಡುವ ದಿನವೇ ವಿಚಾರಿಸಿಕೊಳ್ಳಿ. ಆದರೆ ನೀರಿದೆ ಎಂದು ಹಿಂದಿರುಗಬೇಡಿ. ಶಿಲ್ಪಿ ಆಂಟನಿ ಗಾರ್ಮ್ಲಿ 1986ರಲ್ಲಿ ಮಾಡಿದ ಸೀಸದ ಮನುಷ್ಯಾಕೃತಿ ಅಲ್ಲಿ ಬೊಗಸೆಯೊಡ್ಡಿ, ತಲೆ ತಗ್ಗಿಸಿ ನಿಂತಿದೆ. ಅದರ ಕಾಲು ನೀರಿನಲ್ಲಿದ್ದಾಗಲೇ ಆ ನೋಟ ಪೂರ್ತಿಯಾಗುವುದು.

ಇದೇ ನೀರು ಒಮ್ಮೆ ಇಡೀ ಕಟ್ಟಡಕ್ಕೆ ಕಂಟಕವಾಗಿತ್ತು. 13ನೇ ಶತಮಾನದಲ್ಲಿ ಪೂರ್ವದ ಭಾಗವನ್ನು ವಿಸ್ತರಿಸಿದವರು ಜೌಗು ನೆಲದ ಮೇಲೆ ಬೀಚ್ ಎಂಬ ಮರದ ದಿಮ್ಮಿಗಳನ್ನು ಹಾಸಿ ಗೋಡೆ ಎಬ್ಬಿಸಿದ್ದರು. ಅಡಿಯಲ್ಲಿ ಪೀಟ್ ಎಂಬ ಕೊಳೆತ ಸಸ್ಯಗಳ ಮೆತ್ತನೆಯ ಪದರ. ಗಟ್ಟಿ ಜಲ್ಲಿ ಅದಕ್ಕೂ ಕೆಳಗೆ. 1900ರ ನಂತರ ಗೋಡೆಗಳು ಬಿರುಕುಬಿಟ್ಟು ವಾಲಿದವು. ಪೀಟ್ ತೆಗೆದು ಜಲ್ಲಿಯ ಮೇಲೆ ಕಾಂಕ್ರೀಟ್ ಹಾಕೋಣವೆಂದರೆ, ಅಗೆದ ಗುಂಡಿಗೆಲ್ಲ ನೀರು ನುಗ್ಗುತ್ತಿತ್ತು. ಪಂಪ್ ಹಾಕಿ ಎತ್ತಿದರೆ ನೀರಿನ ಜೊತೆ ಮರಳೂ ಹೋಗಿ ಗೋಡೆ ಮತ್ತಷ್ಟು ಕುಸಿಯುವ ಭಯ.

ಅದಕ್ಕೇ 1906ರಲ್ಲಿ ವಿಲಿಯಂ ವಾಕರ್ ಎಂಬ ಮುಳುಗುಗಾರರನ್ನು ಕರೆಸಿದರು. ಸುಮಾರು 6 ಮೀಟರ್ ಆಳದ ಕೆಸರು ನೀರು, ಕಣ್ಣಿಗೆ ಏನೂ ಕಾಣದು. ಕೈಯಿಂದ ತಡವಿಯೇ ಕೆಲಸ. ಗೋಡೆ ಒಮ್ಮೆಗೇ ಆಸರೆ ಕಳೆದುಕೊಳ್ಳಬಾರದಲ್ಲ, ಹಾಗಾಗಿ ತುಂಡು ತುಂಡಾಗಿಯೇ ಅಗೆತ. ವಾಕರ್ ಪೀಟ್ ಕಿತ್ತು, ಜಲ್ಲಿಯ ಮೇಲೆ ಕಾಂಕ್ರೀಟ್ ಚೀಲಗಳನ್ನು ಹಾಸಿ, ಸೀಳಿ ಬಿಡುತ್ತಿದ್ದರು. ಅದು ಗಟ್ಟಿಯಾಗಿ ತಳ ಮುಚ್ಚಿದ ಮೇಲೆ ನೀರೆತ್ತಿದರೂ ಮರಳು ಜಾರುತ್ತಿರಲಿಲ್ಲ. ಉಳಿದವರು ಇಳಿದು ಕಾಂಕ್ರೀಟ್ ಗಟ್ಟಿಗಳನ್ನೂ ಇಟ್ಟಿಗೆಯನ್ನೂ ಕಟ್ಟುತ್ತಿದ್ದರು. ಹೀಗೆ 1911ರವರೆಗೆ 25,000ಕ್ಕೂ ಹೆಚ್ಚು ಚೀಲಗಳು ನೆಲದಡಿ ಸೇರಿದವು.

ನೆಲಮಾಳಿಗೆಯಿಂದ ಮೇಲೆ ಬಂದವರು ಪೂರ್ವದ ತುದಿಯವರೆಗೂ ನಡೆಯಿರಿ. ಅಲ್ಲಿನ ಗೋಡೆಗಳನ್ನು ನಿಧಾನವಾಗಿ ನೋಡಿದರೆ ಹೊರಗೆ ವಾಲಿರುವುದು ಈಗಲೂ ಕಣ್ಣಿಗೆ ಬೀಳುತ್ತದೆ.